ತಂದೆ-ಮಗನ ವ್ಯಾಜ್ಯ ಮತ್ತು ಸಿಂಹಾಸನದ ಪತನ: ಸ್ಪೇನಿನ ಬೂರ್ಬನ್ ರಾಜಗೃಹ, 1807–1808

1. ಪೀಠಿಕೆ

ರಾಜವಂಶಗಳ ಇತಿಹಾಸದಲ್ಲಿ ತಂದೆ-ಮಕ್ಕಳ ವೈಮನಸ್ಯ, ದಾಯಾದಿ ಮತ್ಸರ, ಅಂತಃಪುರದ ಒಳಸಂಚು ಇವು ವಿರಳವಾದ ಸಂಗತಿಗಳಲ್ಲ. ಸಿಂಹಾಸನವು ಒಂದು, ಅದರ ಮೇಲೆ ಕಣ್ಣಿಟ್ಟವರು ಹಲವರು. ಆದ್ದರಿಂದ ಅರಮನೆಯ ಕಲಹವೆಂಬುದು ಅರಸೊತ್ತಿಗೆಯಷ್ಟೇ ಪುರಾತನವಾದುದೆಂದು ಹೇಳಲಡ್ಡಿಯಿಲ್ಲ. ಆದರೆ ಇಂಥ ಕಲಹಗಳಲ್ಲಿ ಬಹುಪಾಲು ಅರಮನೆಯ ಗೋಡೆಗಳೊಳಗೆ ಹುಟ್ಟಿ ಅಲ್ಲಿಯೇ ಶಮನ ಹೊಂದುತ್ತವೆ. ಕೆಲವು ಮಾತ್ರ ಆ ಗೋಡೆಗಳನ್ನು ದಾಟಿ ರಾಜ್ಯದ ಬುನಾದಿಯನ್ನೇ ಅಲುಗಿಸುತ್ತವೆ. ಈ ಎರಡು ಬಗೆಗಳಿಗೂ ಇರುವ ಅಂತರಕ್ಕೆ ಕಾರಣವೇನೆಂಬುದು ಇತಿಹಾಸದ ವಿದ್ಯಾರ್ಥಿಯು ಕೇಳಿಕೊಳ್ಳಬೇಕಾದ ಪ್ರಶ್ನೆ.

ಈ ಪ್ರಶ್ನೆಯನ್ನು ಪರಿಶೀಲಿಸಲು ಸ್ಪೇನ್ ದೇಶದ ಬೂರ್ಬನ್ ರಾಜಗೃಹದಲ್ಲಿ 1807ರ ಅಕ್ಟೋಬರಿನಿಂದ 1808ರ ಮೇ ತಿಂಗಳವರೆಗೆ ನಡೆದ ಘಟನಾವಳಿಗಿಂತ ಉತ್ತಮವಾದ ನಿದರ್ಶನ ದೊರೆಯುವುದು ಕಷ್ಟ. ಅಮೆರಿಕ ಖಂಡಗಳಲ್ಲಿಯೂ ಫಿಲಿಪೈನ್ಸ್ ದ್ವೀಪಗಳಲ್ಲಿಯೂ ವಿಸ್ತಾರವಾದ ಪ್ರದೇಶಗಳನ್ನು ಆಳುತ್ತಿದ್ದ ಒಂದು ಕಿರೀಟವು ಈ ಅಲ್ಪಾವಧಿಯಲ್ಲಿ ತಂದೆಯಿಂದ ಮಗನಿಗೂ, ಮಗನಿಂದ ಮರಳಿ ತಂದೆಗೂ, ತಂದೆಯಿಂದ ಫ್ರಾನ್ಸಿನ ಚಕ್ರವರ್ತಿ ನೆಪೋಲಿಯನ್ನನಿಗೂ, ಆತನಿಂದ ಆತನ ಅಣ್ಣ ಜೋಸೆಫನಿಗೂ ಕೈಬದಲಾಯಿಸಿತು. ಈ ಹಸ್ತಾಂತರಗಳಿಗೆ ಮುಂಚೆ ಸ್ಪೇನಿನ ಸೈನ್ಯಕ್ಕೂ ಫ್ರೆಂಚ್ ಸೈನ್ಯಕ್ಕೂ ಒಂದು ಯುದ್ಧವೂ ನಡೆದಿರಲಿಲ್ಲ. ಇಷ್ಟು ದೊಡ್ಡ ರಾಜ್ಯವು ಕಾಗದ-ಪತ್ರಗಳ ಮೇಲೆ ಪರಾಧೀನವಾದ ಬಗೆಯನ್ನು ವಿವರಿಸುವುದೂ, ಆ ಪತನದಿಂದ ಸ್ಪೇನಿನ ಜನತೆ ಕಲಿತ ರಾಜ್ಯಾಂಗಪಾಠವನ್ನು ಗುರುತಿಸುವುದೂ ಪ್ರಸ್ತುತ ಲೇಖನದ ಉದ್ದೇಶ.

2. ಆಧಾರಗಳ ಸ್ವರೂಪ

ಈ ಪ್ರಕರಣಕ್ಕೆ ಸಂಬಂಧಿಸಿದ ಆಧಾರಗಳು ವಿಪುಲವಾಗಿವೆ. ಆದರೆ ಅವುಗಳಲ್ಲಿ ಹೆಚ್ಚಿನವು ವಾದಿ-ಪ್ರತಿವಾದಿಗಳು ತಮ್ಮ ಪರವಾಗಿ ತಾವೇ ಬರೆದುಕೊಂಡ ಹೇಳಿಕೆಗಳು. ತಂದೆಯ ಬಳಿಯೂ ಮಗನ ಬಳಿಯೂ ವಿದೇಶಾಂಗ ಮಂತ್ರಿಯಾಗಿದ್ದ ಪೆದ್ರೊ ಸೆವಾಯೋಸ್ 1808ರಲ್ಲಿಯೇ ತನ್ನ ವೃತ್ತಾಂತವನ್ನು ಪ್ರಕಟಿಸಿದನು. ಯುವರಾಜನ ಗುರುವಾಗಿದ್ದ ಪಾದ್ರಿ ಎಸ್ಕೋಯಿಕಿಸನು 1814ರಲ್ಲಿ ತನ್ನ ಸಮರ್ಥನೆಯನ್ನು ಹೊರತಂದನು. ಎಲ್ಲರ ದ್ವೇಷಕ್ಕೂ ಪಾತ್ರನಾಗಿದ್ದ ಮಾನ್ಯುಯೆಲ್ ಗೊದೊಯ್ ದೇಶಭ್ರಷ್ಟನಾಗಿ ಪ್ಯಾರಿಸಿನಲ್ಲಿದ್ದುಕೊಂಡು 1836ರಲ್ಲಿ ತನ್ನ ಸ್ಮೃತಿಗಳ ಪ್ರಕಟಣೆಯನ್ನು ಆರಂಭಿಸಿದನು. ಅದೇ ಕಾಲದಲ್ಲಿ ತೊರೇನೊ ಪ್ರಭುವು ಬರೆದ ಬೃಹತ್ ಇತಿಹಾಸವು ಮಿಕ್ಕವುಗಳಿಗಿಂತ ಸಮತೋಲವುಳ್ಳದ್ದಾದರೂ ಆತನೂ ಈ ಹೋರಾಟದಲ್ಲಿ ಸ್ವತಃ ಭಾಗಿಯಾಗಿದ್ದವನೇ.

ಈ ಬರಹಗಳಿಂದ ಒಂದು ಸುಲಭವಾದ ಕಥೆ ಬಹುಕಾಲ ಪ್ರಚಾರದಲ್ಲಿತ್ತು: ದುರ್ಬಲನಾದ ದೊರೆ, ಸ್ವೇಚ್ಛಾಚಾರಿಣಿಯಾದ ರಾಣಿ, ಆಕೆಯ ಪ್ರಿಯನಾದ ದುಷ್ಟ ಮಂತ್ರಿ, ಇವರ ನಡುವೆ ನೊಂದ ಮುಗ್ಧ ಯುವರಾಜ. ರಾಣಿಗೂ ಮಂತ್ರಿಗೂ ಇದ್ದಿತೆನ್ನಲಾದ ಸಂಬಂಧಕ್ಕೆ ನಿಶ್ಚಿತವಾದ ಪ್ರಮಾಣಗಳು ದೊರೆತಿಲ್ಲ. ಸ್ಪೇನಿನ ಇತಿಹಾಸಕಾರ ಎಮಿಲಿಯೊ ಲಾ ಪಾರಾ ಅವರು ಗೊದೊಯ್‌ನನ್ನು ಕುರಿತು 2002ರಲ್ಲಿಯೂ ಫರ್ಡಿನೆಂಡನನ್ನು ಕುರಿತು 2018ರಲ್ಲಿಯೂ ಪ್ರಕಟಿಸಿದ ಜೀವನಚರಿತ್ರೆಗಳನ್ನು ಓದಿದವರಿಗೆ, ಯುವರಾಜನ ಬಣವು ಮಂತ್ರಿಯ ವಿರುದ್ಧ ವ್ಯವಸ್ಥಿತವಾದ ಅಪಪ್ರಚಾರ ನಡೆಸಿದ್ದ ಸಂಗತಿ ವಿದಿತವಾಗುತ್ತದೆ. ಆದುದರಿಂದ ವ್ಯಕ್ತಿಗಳ ಗುಣಾವಗುಣಗಳ ವಿಮರ್ಶೆಯನ್ನು ಬದಿಗಿರಿಸಿ, ತಾರೀಖುಗಳು ಖಚಿತವಾಗಿರುವ ಪತ್ರಗಳನ್ನೂ ಶಾಸನಗಳನ್ನೂ ಅನುಕ್ರಮವಾಗಿ ಪರಿಶೀಲಿಸುವುದು ಹೆಚ್ಚು ಫಲಕಾರಿಯಾದ ಮಾರ್ಗ.

3. ರಾಜಗೃಹದ ಪರಿಸ್ಥಿತಿ

ನಾಲ್ಕನೆಯ ಚಾರ್ಲ್ಸನು 1788ರ ಡಿಸೆಂಬರ್ 14ರಂದು ತನ್ನ ನಲವತ್ತನೆಯ ವಯಸ್ಸಿನಲ್ಲಿ ಪಟ್ಟಕ್ಕೆ ಬಂದನು. ದಕ್ಷನೆಂದು ಹೆಸರಾಗಿದ್ದ ತಂದೆ ಮೂರನೆಯ ಚಾರ್ಲ್ಸನ ನೆರಳಿನಲ್ಲಿ ಬೆಳೆದ ಈತನು ಸಾತ್ವಿಕ, ದೈವಭೀರು, ಬೇಟೆಯಲ್ಲಿ ಅತ್ಯಾಸಕ್ತ. ಮರುವರ್ಷವೇ ಫ್ರಾನ್ಸಿನಲ್ಲಿ ಮಹಾಕ್ರಾಂತಿಯು ತಲೆದೋರಿ, ಬೂರ್ಬನ್ ವಂಶದ ಹಿರಿಯ ಶಾಖೆಯ ಅರಸನು 1793ರಲ್ಲಿ ವಧಾಸ್ಥಾನಕ್ಕೆ ಏರಬೇಕಾಯಿತು. ಇಂಥ ವಿಷಮಕಾಲದಲ್ಲಿ ದೊರೆಗೆ ತನ್ನ ತಂದೆಯ ಕಾಲದ ಹಳೆಯ ಮಂತ್ರಿಗಳಲ್ಲಿ ನಂಬಿಕೆ ಉಳಿಯಲಿಲ್ಲ. ತನ್ನ ಕೃಪೆಯೊಂದನ್ನೇ ಆಶ್ರಯಿಸಿರುವ ಮನುಷ್ಯನೊಬ್ಬನು ಆತನಿಗೆ ಬೇಕಾಗಿದ್ದನು. ಹಾಗೆ ಆರಿಸಲ್ಪಟ್ಟವನೇ ಬಾದಾಹೋಸ್ ನಗರದ ಸಾಮಾನ್ಯ ಕುಲೀನ ಮನೆತನದಲ್ಲಿ 1767ರಲ್ಲಿ ಹುಟ್ಟಿ, ಅರಮನೆಯ ಅಂಗರಕ್ಷಕ ದಳಕ್ಕೆ ಸೇರಿದ್ದ ಗೊದೊಯ್. 1792ರ ನವೆಂಬರಿನಲ್ಲಿ, ಇಪ್ಪತ್ತೈದನೆಯ ವಯಸ್ಸಿಗೆ, ಈತನು ಪ್ರಧಾನಾಮಾತ್ಯನಾದನು.

ಫ್ರಾನ್ಸಿನೊಡನೆ ನಡೆದ ಯುದ್ಧವು 1795ರಲ್ಲಿ ಬಾಸೆಲ್ ಕೌಲಿನಿಂದ ಮುಗಿದಾಗ ದೊರೆಯು ಈತನಿಗೆ 'ಶಾಂತಿಯ ರಾಜಕುಮಾರ' ಎಂಬ ಬಿರುದನ್ನು ಕೊಟ್ಟನು. ಸ್ಪೇನಿನ ಸಂಪ್ರದಾಯದಲ್ಲಿ ರಾಜಕುಮಾರನೆಂಬ ಪದವಿಯು ಪಟ್ಟಕ್ಕೆ ಬರುವ ಆಸ್ಟೂರಿಯಸ್ ಯುವರಾಜನಿಗೆ ಮೀಸಲಾಗಿದ್ದುದರಿಂದ ಈ ಬಿರುದು ಅನೇಕರ ಕಣ್ಣಿಗೆ ಅಪಚಾರವಾಗಿ ಕಂಡಿತು. 1797ರಲ್ಲಿ ದೊರೆಯ ದಾಯಾದಿಯ ಮಗಳನ್ನೇ ಈತನಿಗೆ ಕೊಟ್ಟು ವಿವಾಹ ಮಾಡಲಾಯಿತು. 1798ರಲ್ಲಿ ಪದವಿಯಿಂದ ಇಳಿದರೂ 1801ರಲ್ಲಿ ಸಮಸ್ತ ಸೇನೆಯ ಅಧಿಪತಿಯಾಗಿ ಮರಳಿ ಬಂದನು. 1807ರಲ್ಲಿ ಮಹಾನೌಕಾಧಿಪತಿಯಾಗಿ ರಾಜವಂಶೀಯರಿಗೆ ಸಲ್ಲುವಂಥ ಗೌರವನಾಮವನ್ನೂ ಪಡೆದನು. ಹೀಗೆ ಮಂತ್ರಿಯು ಮನೆಯವನಾದನು. ರಾಜ್ಯದ ಆಡಳಿತಕ್ಕೂ ರಾಜಗೃಹದ ಒಡನಾಟಕ್ಕೂ ನಡುವೆ ಇದ್ದ ತೆಳುವಾದ ಗೆರೆಯು ಅಳಿಸಿಹೋಯಿತು.

ಮುಂದಿನ ಅನರ್ಥಗಳಿಗೆ ಮೂಲವು ಇಲ್ಲಿಯೇ ಇದೆಯೆಂದು ನಮ್ಮ ಅಭಿಪ್ರಾಯ. ರಾಜ್ಯದ ನಷ್ಟಗಳಿಗೆಲ್ಲ ಜನರು ಗೊದೊಯ್‌ನನ್ನೇ ಹೊಣೆ ಮಾಡಿದರು. 1796ರಲ್ಲಿ ಫ್ರಾನ್ಸಿನೊಡನೆ ಮಾಡಿಕೊಂಡ ಮೈತ್ರಿಯಿಂದ ಬ್ರಿಟನ್ನಿನ ವೈರವು ಒದಗಿ, 1797ರಲ್ಲಿ ಸೇಂಟ್ ವಿನ್ಸೆಂಟ್ ಭೂಶಿರದ ಬಳಿಯೂ 1805ರ ಅಕ್ಟೋಬರ್ 21ರಂದು ಟ್ರಫಾಲ್ಗರಿನಲ್ಲಿಯೂ ನೌಕಾಬಲವು ಪೆಟ್ಟುತಿಂದಿತು. ಅಮೆರಿಕದ ವ್ಯಾಪಾರ ಕಡಿದುಹೋಗಿ ಖಜಾನೆ ಬರಿದಾಯಿತು. ಸಾಲಪತ್ರಗಳ ಬೆಲೆ ಕುಸಿಯಿತು. 1798ರಿಂದ ಧರ್ಮಸಂಸ್ಥೆಗಳ ಆಸ್ತಿಯನ್ನು ಮಾರಾಟಕ್ಕಿಟ್ಟುದರಿಂದ ಪಾದ್ರಿಗಳು ಮುನಿದರು. 1803ರಿಂದ 1805ರವರೆಗೆ ಕ್ಷಾಮವೂ ರೋಗವೂ ಜನರನ್ನು ಕಾಡಿದುವು. ಮಂತ್ರಿಯು ಕೇವಲ ಮಂತ್ರಿಯಾಗಿದ್ದಿದ್ದರೆ ಈ ಅಸಮಾಧಾನವು ಆತನ ಪದಚ್ಯುತಿಯೊಡನೆ ತಣಿಯಬಹುದಾಗಿತ್ತು. ಆತನು ಮನೆಯವನಾಗಿದ್ದುದರಿಂದ ಆತನ ಮೇಲಣ ಸಿಟ್ಟು ಮನೆಯ ಯಜಮಾನನನ್ನೇ ಮುಟ್ಟಿತು.

ಯುವರಾಜ ಫರ್ಡಿನೆಂಡನು 1784ರಲ್ಲಿ ಹುಟ್ಟಿದವನು. ಆತನನ್ನು ರಾಜ್ಯಕಾರ್ಯದಿಂದ ದೂರವಿರಿಸಲಾಗಿತ್ತು. 1802ರಲ್ಲಿ ನೇಪಲ್ಸಿನ ರಾಜಕುಮಾರಿ ಮರಿಯಾ ಆಂಟೋನಿಯಾಳನ್ನು ವರಿಸಿದ ಮೇಲೆ ಆತನ ಬಿಡಾರವು ಅತೃಪ್ತ ಪ್ರಭುಗಳ ಕೂಟವಾಗಿ ಪರಿಣಮಿಸಿತು. ಆಕೆಯು 1806ರಲ್ಲಿ ತೀರಿಕೊಂಡಳು. ಯುವರಾಜನಿಗೆ ಗೊದೊಯ್‌ನ ನಾದಿನಿಯನ್ನೇ ತಂದುಕೊಳ್ಳುವ ಪ್ರಸ್ತಾಪ ಹೊರಟಾಗ, ಈ ಮಂತ್ರಿಯು ತನ್ನ ಉತ್ತರಾಧಿಕಾರಕ್ಕೇ ಹೊಂಚುಹಾಕಿದ್ದಾನೆಂಬ ಭಯ ಆತನ ಮನಸ್ಸಿನಲ್ಲಿ ನೆಲೆನಿಂತಿತು. ತಂದೆಯ ಬಳಿಗೆ ಹೋಗಿ ಹೇಳಿಕೊಳ್ಳಲು ದಾರಿಯಿರಲಿಲ್ಲ. ತಂದೆಯ ಕಿವಿಯು ಮಂತ್ರಿಯ ವಶದಲ್ಲಿತ್ತು. ಕೋರ್ತೆಸ್ ಎಂಬ ಪ್ರಾಚೀನ ಜನಪ್ರತಿನಿಧಿಸಭೆಯು ಹೆಸರಿಗಷ್ಟೇ ಉಳಿದಿತ್ತು. ದೊರೆಗೂ ಯುವರಾಜನಿಗೂ ವ್ಯಾಜ್ಯ ಬಂದರೆ ವಿಚಾರಿಸತಕ್ಕ ಸಂಸ್ಥೆ ದೇಶದಲ್ಲಿ ಯಾವುದೂ ಇರಲಿಲ್ಲ.

4. ಎಸ್ಕೋರಿಯಲ್ ಪ್ರಕರಣ

ದೇಶದೊಳಗೆ ನ್ಯಾಯಸ್ಥಾನವಿಲ್ಲದವರು ದೇಶದ ಹೊರಗೆ ಹುಡುಕಿದರು. ಫ್ರೆಂಚ್ ರಾಯಭಾರಿ ಬೋಹಾರ್ನೆಯ ಪ್ರೇರಣೆಯಿಂದ ಫರ್ಡಿನೆಂಡನು 1807ರ ಅಕ್ಟೋಬರ್ 11ರಂದು ನೆಪೋಲಿಯನ್ನನಿಗೆ ಗುಪ್ತವಾಗಿ ಪತ್ರ ಬರೆದು, ಚಕ್ರವರ್ತಿಯ ವಂಶದ ಕನ್ಯೆಯೊಬ್ಬಳನ್ನು ತನಗೆ ಕೊಟ್ಟು ತನ್ನನ್ನು ಪೊರೆಯಬೇಕೆಂದು ಬೇಡಿಕೊಂಡನು. ತಂದೆಗೂ ಆತನ ಮಂತ್ರಿಗಳಿಗೂ ತಿಳಿಯದಂತೆ ಯುವರಾಜನು ವಿದೇಶದ ಪ್ರಭುವಿನೊಡನೆ ತನ್ನ ಮದುವೆಯ ಮಾತನ್ನಾಡಿದನು.

ಅಕ್ಟೋಬರ್ 27ರಂದು ಎಸ್ಕೋರಿಯಲ್ ಅರಮನೆಯಲ್ಲಿ ದೊರೆಯು ಮಗನ ಕೋಣೆಯನ್ನು ಶೋಧಿಸಿ ಕಾಗದಗಳನ್ನು ವಶಪಡಿಸಿಕೊಂಡನು. ಅವುಗಳಲ್ಲಿ ಗೊದೊಯ್‌ನ ಮೇಲೆ ಆಪಾದನೆಗಳನ್ನು ಹೊರಿಸಿದ ದೀರ್ಘವಾದ ಬಿನ್ನವತ್ತಳೆ, ಗುಪ್ತಲಿಪಿಯ ಕೀಲಿ, ಮತ್ತು ತಂದೆಯು ಮೃತನಾದೊಡನೆ ಇನ್‌ಫಾಂತಾದೊ ಪ್ರಭುವನ್ನು ಸೇನಾಧಿಕಾರಕ್ಕೆ ನೇಮಿಸಲು ತಾರೀಖಿನ ಜಾಗವನ್ನು ಖಾಲಿ ಬಿಟ್ಟು ಸಿದ್ಧಪಡಿಸಿದ್ದ ಆಜ್ಞಾಪತ್ರ ಇವು ಇದ್ದುವು. ತಂದೆಯು ಬದುಕಿರುವಾಗಲೇ ಮಗನು ಮುಂದಿನ ಆಳ್ವಿಕೆಯ ಆಜ್ಞೆಗೆ ಸಹಿ ಹಾಕಿದ್ದನು. ಫರ್ಡಿನೆಂಡನನ್ನು ಆತನ ಕೋಣೆಯಲ್ಲಿಯೇ ಬಂಧನದಲ್ಲಿರಿಸಲಾಯಿತು.

ಅದೇ ಅಕ್ಟೋಬರ್ 27ರಂದು ಫ್ರಾನ್ಸಿನ ಫಾಂಟೆನ್‌ಬ್ಲೋ ಅರಮನೆಯಲ್ಲಿ ಪೋರ್ಚುಗಲ್ಲನ್ನು ಮೂರು ಪಾಲು ಮಾಡುವ ಕೌಲಿಗೆ ಸ್ಪೇನ್-ಫ್ರಾನ್ಸುಗಳ ಪ್ರತಿನಿಧಿಗಳು ಸಹಿ ಹಾಕಿದರು. ದಕ್ಷಿಣದ ಪಾಲು ಗೊದೊಯ್‌ಗೆ ಸ್ವಂತ ರಾಜ್ಯವಾಗಿ ಸಲ್ಲತಕ್ಕದ್ದೆಂದಿತ್ತು. ಪ್ರತಿಯಾಗಿ 28,000 ಫ್ರೆಂಚ್ ಸೈನಿಕರಿಗೆ ಸ್ಪೇನಿನ ಮೂಲಕ ಹಾದುಹೋಗಲು ಅನುಮತಿ ದೊರೆಯಿತು. ಅವರಲ್ಲಿ ಮೊದಲಿನವರು ಅದಾಗಲೇ, ಅಕ್ಟೋಬರ್ 18ರಂದು, ಗಡಿಯನ್ನು ದಾಟಿದ್ದರು. ಮಗನಂತೆ ಮಂತ್ರಿಯೂ ತನ್ನ ಭವಿಷ್ಯದ ಭದ್ರತೆಗೆ ನೆಪೋಲಿಯನ್ನನನ್ನೇ ನೆಚ್ಚಿದ್ದನು.

ಇನ್ನು ದೊರೆಯ ಸರದಿ. ಅಕ್ಟೋಬರ್ 29ರಂದು ಚಾರ್ಲ್ಸನು ತಾನೂ ನೆಪೋಲಿಯನ್ನನಿಗೆ ಪತ್ರ ಬರೆದನು. ಮಗನು ತನ್ನನ್ನು ಪದಚ್ಯುತಗೊಳಿಸಲು ಹವಣಿಸಿದನೆಂದೂ, ಆತನಿಗೆ ಉತ್ತರಾಧಿಕಾರವನ್ನು ಕೊಡುವ ನಿಯಮವನ್ನು ರದ್ದುಗೊಳಿಸಿ ತಮ್ಮಂದಿರಲ್ಲೊಬ್ಬನಿಗೆ ಕೊಡುವುದು ಯುಕ್ತವೆಂದೂ ತಿಳಿಸಿ ಚಕ್ರವರ್ತಿಯ ಸಲಹೆಯನ್ನು ಕೋರಿದನು. ಮಗನ ಪತ್ರಕ್ಕೂ ತಂದೆಯ ಪತ್ರಕ್ಕೂ ನಡುವೆ ಹದಿನೆಂಟು ದಿನಗಳ ಅಂತರ. ಎರಡೂ ಒಬ್ಬನ ವಿಳಾಸಕ್ಕೇ ಹೋದುವು. ಸ್ಪೇನಿನ ಸಾರ್ವಭೌಮತ್ವವು ಬಿರುಕುಬಿಟ್ಟ ಕ್ಷಣವನ್ನು ಗುರುತಿಸಬೇಕಾದರೆ 1808ರ ರಾಜ್ಯತ್ಯಾಗಗಳಿಗಿಂತ ಈ ಎರಡು ಪತ್ರಗಳನ್ನೇ ತೋರಿಸುವುದು ಸಮಂಜಸ. ಪಟ್ಟಕ್ಕೆ ಯಾರು ಬರತಕ್ಕದ್ದೆಂಬ ಪ್ರಶ್ನೆಯನ್ನು ಹೊರಗಿನವನ ಮುಂದಿಟ್ಟ ಅರಸನು, ಆ ಪಟ್ಟವನ್ನು ಕೊಡುವ ಅಧಿಕಾರವು ಆತನಿಗಿದೆಯೆಂದು ಅರ್ಧ ಒಪ್ಪಿಕೊಂಡಂತೆಯೇ ಸರಿ.

ಅಕ್ಟೋಬರ್ 30ರ ರಾಜಶಾಸನವು ಮಗನ ದ್ರೋಹವನ್ನು ಸಮಸ್ತ ಪ್ರಜೆಗಳಿಗೂ ಸಾರಿತು. ನವೆಂಬರ್ 5ರ ಶಾಸನವು ಆತನನ್ನು ಕ್ಷಮಿಸಿ, ತಂದೆತಾಯಿಗಳಿಗೆ ಆತನು ಬರೆದ ಪಶ್ಚಾತ್ತಾಪದ ಪತ್ರಗಳನ್ನೂ ಪ್ರಕಟಿಸಿತು. ಫರ್ಡಿನೆಂಡನು ತನ್ನ ಸಹಚರರ ಹೆಸರುಗಳನ್ನೆಲ್ಲ ಹೇಳಿ ತಾನು ಪಾರಾದನು. ಆದರೆ 1808ರ ಜನವರಿಯಲ್ಲಿ ನ್ಯಾಯಾಧೀಶರು ಆ ಸಹಚರರನ್ನು ನಿರ್ದೋಷಿಗಳೆಂದು ಬಿಡುಗಡೆ ಮಾಡಿದರು. ದೊರೆಯು ತೀರ್ಪನ್ನು ಬದಿಗೊತ್ತಿ ಅವರನ್ನು ರಾಜಧಾನಿಯಿಂದ ಗಡೀಪಾರು ಮಾಡಿದನು. ಒಂದು ವಾರ ದ್ರೋಹಿ, ಮರುವಾರ ಪ್ರಿಯಪುತ್ರ. ನ್ಯಾಯಾಲಯದಲ್ಲಿ ನಿರ್ದೋಷಿ, ಅರಮನೆಯಲ್ಲಿ ಅಪರಾಧಿ. ಇಂಥ ಪರಸ್ಪರ ವಿರುದ್ಧವಾದ ಆಜ್ಞೆಗಳನ್ನು ಓದಿದ ಪ್ರಜೆಗಳಲ್ಲಿ ರಾಜವಾಕ್ಯದ ಮೇಲಣ ಗೌರವವು ಉಳಿಯುವುದೆಂತು? ಇಡೀ ಪ್ರಕರಣವು ಗೊದೊಯ್ ಕಟ್ಟಿದ ಕಥೆಯೆಂದು ಜನರು ನಂಬಿದರು. ಮಗನನ್ನು ತಗ್ಗಿಸಲು ಹೊರಡಿಸಿದ ಶಾಸನಗಳಿಂದ ಮಗನ ಕೀರ್ತಿಯೇ ಹೆಚ್ಚಿತು.

5. ಅರಾನ್ಹ್ವೇಸ್ ದಂಗೆ

ಏತನ್ಮಧ್ಯೆ ಫ್ರೆಂಚ್ ಸೈನ್ಯವು ಕೌಲಿನ ಮಿತಿಯನ್ನು ಮೀರಿ ಒಳನುಗ್ಗುತ್ತಿತ್ತು. ಫೆಬ್ರವರಿಯಲ್ಲಿ ಪಾಂಪ್ಲೋನಾ, ಬಾರ್ಸಿಲೋನಾ ದುರ್ಗಗಳು ಮಿತ್ರರ ವೇಷದಲ್ಲಿ ಬಂದವರ ಕುಯುಕ್ತಿಯಿಂದ ಅವರ ವಶವಾದುವು. ಮಾರ್ಚಿಯ ವೇಳೆಗೆ ಸುಮಾರು ಒಂದು ಲಕ್ಷ ಸೈನಿಕರು ದೇಶದೊಳಗಿದ್ದರು. ಗೊದೊಯ್‌ಗೆ ಅಪಾಯದ ಅರಿವಾಯಿತು. ಪೋರ್ಚುಗಲ್ಲಿನ ಬ್ರಗಾಂಜಾ ರಾಜಕುಟುಂಬವು 1807ರ ನವೆಂಬರ್ 29ರಂದು ಲಿಸ್ಬನ್ನಿನಿಂದ ಹಡಗೇರಿ ಬ್ರೆಜಿಲ್ಲಿಗೆ ಹೊರಟು ತನ್ನ ಕಿರೀಟವನ್ನು ಉಳಿಸಿಕೊಂಡಿದ್ದ ನಿದರ್ಶನವು ಕಣ್ಣೆದುರಿನಲ್ಲಿತ್ತು. ಅದೇ ರೀತಿ ಅರಮನೆಯವರನ್ನು ದಕ್ಷಿಣದ ಸೆವಿಲ್ಲೆಗೆ, ಅಗತ್ಯ ಬಿದ್ದರೆ ಅಲ್ಲಿಂದ ಅಮೆರಿಕಕ್ಕೆ, ಸಾಗಿಸುವುದು ಆತನ ಆಲೋಚನೆ. ಆತನ ನೀತಿಗಳಲ್ಲಿ ಬಹುಶಃ ಇದೊಂದೇ ಕಿರೀಟವನ್ನು ರಕ್ಷಿಸಬಲ್ಲುದಾಗಿತ್ತು. ಆದರೆ ಆತನ ಬಾಯಿಂದ ಬಂದ ಕಾರಣಕ್ಕೇ ಯಾರೂ ಅದನ್ನು ನಂಬಲಿಲ್ಲ. ದೊರೆಯನ್ನು ಅಪಹರಿಸಿಕೊಂಡು ಹೋಗುತ್ತಿದ್ದಾನೆಂಬ ಸುದ್ದಿ ಹಬ್ಬಿತು.

ಮಾರ್ಚ್ 17ರ ರಾತ್ರಿ ಅರಾನ್ಹ್ವೇಸಿನ ವಸಂತವಿಹಾರದ ಅರಮನೆಯ ಬಳಿ ಜನರು ದಂಗೆಯೆದ್ದು ಗೊದೊಯ್‌ನ ಮನೆಯನ್ನು ಸೂರೆಮಾಡಿದರು. ದಂಗೆಯನ್ನು ಹೂಡಿದವರು ಫರ್ಡಿನೆಂಡನ ಬಣದ ಪ್ರಭುಗಳು. ಅವರಲ್ಲೊಬ್ಬನಾದ ಮೊಂತೀಹೊ ಪ್ರಭುವು ಸಾಮಾನ್ಯನ ವೇಷದಲ್ಲಿ ಜನರ ನಡುವೆ ಇದ್ದನು. ಅರಮನೆಯ ಕಾವಲುಪಡೆಯೂ ದಂಗೆಕೋರರೊಡನೆ ಸೇರಿತು. ಮರುದಿನ ದೊರೆಯು ಮಂತ್ರಿಯನ್ನು ಪದಚ್ಯುತಗೊಳಿಸಿದನು. ಅಟ್ಟದಲ್ಲಿ ಅವಿತಿದ್ದ ಗೊದೊಯ್ ಬಾಯಾರಿಕೆ ತಾಳಲಾರದೆ 19ರ ಬೆಳಿಗ್ಗೆ ಹೊರಬಂದು ಸಿಕ್ಕಿಬಿದ್ದನು. ಆತನನ್ನು ಉಳಿಸುವಂತೆ ತಂದೆತಾಯಿಗಳು ಮಗನನ್ನು ಬೇಡಿಕೊಂಡರು. ದೊರೆಯ ಮಾತಿಗೆ ಜಗ್ಗದ ಗುಂಪು ಯುವರಾಜನ ಮಾತಿಗೆ ತಗ್ಗಿತು. ಅಧಿಕಾರವು ಯಾರ ಕೈಯಲ್ಲಿದೆಯೆಂಬುದು ಆಗಲೇ ನಿರ್ಣಯವಾಗಿಹೋಯಿತು. ಅಂದು ಸಂಜೆ ಚಾರ್ಲ್ಸನು ಅನಾರೋಗ್ಯದ ಕಾರಣವನ್ನು ಮುಂದಿಟ್ಟು ಮಗನ ಪರವಾಗಿ ರಾಜ್ಯತ್ಯಾಗ ಮಾಡಿದನು.

ಮಾರ್ಚ್ 23ರಂದು ಫ್ರೆಂಚ್ ಸೇನಾನಿ ಮ್ಯುರಾ ಮ್ಯಾಡ್ರಿಡ್ ನಗರವನ್ನು ಹೊಕ್ಕನು. 24ರಂದು ಫರ್ಡಿನೆಂಡನು ಅಪಾರ ಜನಸ್ತೋಮದ ಜಯಘೋಷದ ನಡುವೆ ಪುರಪ್ರವೇಶ ಮಾಡಿದನು. ಆದರೆ ಮ್ಯುರಾ ಆತನನ್ನು ದೊರೆಯೆಂದು ಮನ್ನಿಸಲಿಲ್ಲ. ಇತ್ತ ಚಾರ್ಲ್ಸನು ತನ್ನ ತ್ಯಾಗವು ಬಲಾತ್ಕಾರದಿಂದ ಆದದ್ದೆಂದು ಮಾರ್ಚ್ 21ರ ದಿನಾಂಕ ಹೊತ್ತ ಪ್ರತಿಭಟನಾಪತ್ರವನ್ನು ನೆಪೋಲಿಯನ್ನನಿಗೆ ಕಳುಹಿಸಿದನು. ಹೀಗೆ ಒಂದು ಕಿರೀಟಕ್ಕೆ ಇಬ್ಬರು ಹಕ್ಕುದಾರರಾದರು. ಇಬ್ಬರೂ ಒಬ್ಬನ ಮನ್ನಣೆಗಾಗಿಯೇ ಕಾದರು.

6. ಬೇಯೋನ್ ನಗರದ ರಾಜ್ಯತ್ಯಾಗಗಳು

ಚಕ್ರವರ್ತಿಯು ಎದುರಿಗೆ ಬರುತ್ತಿದ್ದಾನೆಂಬ ಮಾತನ್ನು ನಂಬಿ ಫರ್ಡಿನೆಂಡನು ಏಪ್ರಿಲ್ 10ರಂದು ರಾಜಧಾನಿಯನ್ನು ಬಿಟ್ಟು ಉತ್ತರಾಭಿಮುಖನಾದನು. ವಿತೋರಿಯಾ ಪಟ್ಟಣದಲ್ಲಿ ಜನರು ಆತನ ಗಾಡಿಯ ಹೇಸರಗತ್ತೆಗಳ ಹಗ್ಗಗಳನ್ನು ಕತ್ತರಿಸಿ ಪ್ರಯಾಣವನ್ನು ತಡೆಯಲೆತ್ನಿಸಿದರು. ಆಸ್ಥಾನಿಕರಿಗಿಂತ ಬೀದಿಯ ಜನರೇ ಅಪಾಯವನ್ನು ಸ್ಪಷ್ಟವಾಗಿ ಕಂಡಿದ್ದರು. ಏಪ್ರಿಲ್ 20ರಂದು ಆತನು ಗಡಿಯನ್ನು ದಾಟಿ ಬೇಯೋನ್ ನಗರವನ್ನು ಸೇರಿದನು. ಏಪ್ರಿಲ್ 30ರಂದು ತಂದೆತಾಯಿಗಳೂ ಅಲ್ಲಿಗೆ ಬಂದರು. ಗೊದೊಯ್ ಅವರಿಗಿಂತ ಮುಂಚೆಯೇ ಬಂದಿದ್ದನು. ಮನೆಯ ಜಗಳದ ವಾದಿ-ಪ್ರತಿವಾದಿಗಳೆಲ್ಲ ಪರರಾಜ್ಯದ ನೆಲದಲ್ಲಿ ಪಂಚಾಯಿತಿಗೆ ಕೂಡಿದರು.

ಕಿರೀಟವನ್ನು ಮರಳಿಸುವಂತೆ ತಂದೆಯು ಕೇಳಿದಾಗ ಫರ್ಡಿನೆಂಡನು ಮೇ 1ರಂದು ಕೊಟ್ಟ ಉತ್ತರವು ಗಮನಾರ್ಹವಾದುದು. ಮ್ಯಾಡ್ರಿಡ್ಡಿನಲ್ಲಿ ಕೋರ್ತೆಸ್ ಸಭೆಯ ಎದುರಿಗೆ ಮರಳಿಸುವುದಾಗಿ ಆತನು ತಿಳಿಸಿದನು. ತಡವಾಗಿಯಾದರೂ, ಸ್ವಾರ್ಥದಿಂದಲಾದರೂ, ಈ ವ್ಯಾಜ್ಯಕ್ಕೆ ತಕ್ಕ ನ್ಯಾಯಸ್ಥಾನವು ದೇಶದೊಳಗಿದೆಯೆಂಬ ಮಾತು ಮೊದಲ ಬಾರಿಗೆ ಅರಮನೆಯವನೊಬ್ಬನ ಪತ್ರದಲ್ಲಿ ಕಾಣಿಸಿಕೊಂಡಿತು. ಚಾರ್ಲ್ಸನು ಅದನ್ನು ತಿರಸ್ಕರಿಸಿದನು.

ಮೇ 2ರಂದು ಮ್ಯಾಡ್ರಿಡ್ಡಿನ ಜನರು ಫ್ರೆಂಚರ ಮೇಲೆ ತಿರುಗಿಬಿದ್ದು ನಿರ್ದಯವಾಗಿ ದಮನಕ್ಕೊಳಗಾದರು. ಆ ವಾರ್ತೆಯು ಬೇಯೋನ್ ತಲುಪಿದ 5ರಂದು ತಂದೆ-ಮಕ್ಕಳ ಅಂತಿಮ ಘರ್ಷಣೆಯಾಯಿತು. ಮುಂದಿನ ದಾಖಲೆಗಳ ಅನುಕ್ರಮವನ್ನು ನೋಡಬೇಕು. ಮೇ 5ರಂದು ಚಾರ್ಲ್ಸನು ಸ್ಪೇನ್ ಮತ್ತು ಅಮೆರಿಕದ ಮೇಲಣ ತನ್ನ ಹಕ್ಕುಗಳನ್ನು ನೆಪೋಲಿಯನ್ನನಿಗೆ ಬಿಟ್ಟುಕೊಟ್ಟನು. ಮೇ 6ರಂದು ಫರ್ಡಿನೆಂಡನು ಕಿರೀಟವನ್ನು ತಂದೆಗೆ ಮರಳಿಸಿದನು. ಅಂದರೆ ಮಗನು 6ರಂದು ಹಿಂದಿರುಗಿಸಿದ ವಸ್ತುವನ್ನು ತಂದೆಯು 5ರಂದೇ ಪರರಿಗೆ ಕೊಟ್ಟುಬಿಟ್ಟಿದ್ದನು. ಮಾರ್ಚಿಯ ತ್ಯಾಗವು ಅಸಿಂಧುವೆಂದರೆ ಮಗನ ಪತ್ರವು ಅನಾವಶ್ಯಕ. ಸಿಂಧುವೆಂದರೆ ತಂದೆಯ ದಾನವು ನಿರರ್ಥಕ. ಈ ತೊಡಕನ್ನು ಬಲ್ಲ ಚಕ್ರವರ್ತಿಯು ಎರಡನ್ನೂ ಬರೆಯಿಸಿಕೊಂಡು, ಮೇ 10ರಂದು ಫರ್ಡಿನೆಂಡನ ಯುವರಾಜಸಂಬಂಧವಾದ ಹಕ್ಕುಗಳನ್ನೂ ಪ್ರತ್ಯೇಕವಾಗಿ ಬಿಡಿಸಿಕೊಂಡನು. ಚಾರ್ಲ್ಸನಿಗೆ ಕಾಂಪ್ಯೇನ್ ಅರಮನೆಯಲ್ಲಿ ವಾಸ, ಶಾಂಬೋರ್ ಕೋಟೆ, ವರ್ಷಕ್ಕೆ 3 ಕೋಟಿ ರಿಯಾಲ್ ವರ್ಷಾಶನ ಇವು ಗೊತ್ತಾದುವು. ಫರ್ಡಿನೆಂಡನು ವಾಲೆನ್ಸೆ ಎಂಬಲ್ಲಿ 1814ರವರೆಗೆ ಸೆರೆಯಲ್ಲಿ ಕಳೆದನು. ಜೂನ್ 6ರಂದು ಜೋಸೆಫ್ ಬೊನಪಾರ್ಟನನ್ನು ಸ್ಪೇನಿನ ದೊರೆಯೆಂದು ಘೋಷಿಸಲಾಯಿತು. ಎರಡು ಬೆಕ್ಕುಗಳ ಬೆಣ್ಣೆಯನ್ನು ಹಂಚಲು ಕುಳಿತ ಕೋತಿಯ ಕಥೆಯನ್ನು ನಮ್ಮಲ್ಲಿ ಮಕ್ಕಳೂ ಬಲ್ಲರು. ಯೂರೋಪಿನ ಅತ್ಯಂತ ಪ್ರತಿಷ್ಠಿತ ರಾಜಗೃಹಗಳಲ್ಲೊಂದು ಆ ಕಥೆಯನ್ನು ಅಕ್ಷರಶಃ ಆಡಿ ತೋರಿಸಿತು.

7. ತೌಲನಿಕ ಟಿಪ್ಪಣಿ: ಇಂಗ್ಲೆಂಡಿನ ನಿದರ್ಶನ

ಇದೇ ಕಾಲದಲ್ಲಿ ಇಂಗ್ಲೆಂಡಿನ ರಾಜಗೃಹದಲ್ಲಿಯೂ ಮೂರನೆಯ ಜಾರ್ಜನಿಗೂ ಆತನ ಹಿರಿಯ ಮಗನಿಗೂ ಇಷ್ಟೇ ತೀವ್ರವಾದ ವೈಮನಸ್ಯವಿತ್ತು. ಮಗನು ತಂದೆಯ ರಾಜಕೀಯ ವಿರೋಧಿಗಳ ಜೊತೆಗೂಡಿದನು. 1785ರಲ್ಲಿ ತಂದೆಯ ಅನುಮತಿಯಿಲ್ಲದೆ ಗುಪ್ತವಾಗಿ ವಿವಾಹವಾದನು. ಅಪಾರವಾದ ಸಾಲಗಳನ್ನು ಮಾಡಿದನು. ಆದರೆ ಆ ಸಾಲಗಳನ್ನು 1787ರಲ್ಲಿಯೂ 1795ರಲ್ಲಿಯೂ ಪಾರ್ಲಿಮೆಂಟು ವಿಚಾರಿಸಿ ತೀರಿಸುವ ಏರ್ಪಾಡು ಮಾಡಿತು. 1788ರ ಕೊನೆಯಲ್ಲಿ ದೊರೆಯು ಚಿತ್ತಸ್ವಾಸ್ಥ್ಯವನ್ನು ಕಳೆದುಕೊಂಡಾಗ, ರಾಜಪ್ರತಿನಿಧಿಯ ಅಧಿಕಾರವು ಯುವರಾಜನಿಗೆ ಹುಟ್ಟಿನಿಂದ ಬಂದ ಹಕ್ಕೇ ಅಥವಾ ಪಾರ್ಲಿಮೆಂಟು ಕೊಡತಕ್ಕದ್ದೇ ಎಂಬ ಚರ್ಚೆ ಅಲ್ಲಿಯೇ ನಡೆಯಿತು. 1811ರಲ್ಲಿ ಯುವರಾಜನು ರಾಜಪ್ರತಿನಿಧಿಯಾದದ್ದು ಪಾರ್ಲಿಮೆಂಟಿನ ಶಾಸನದಿಂದಲೇ. ಕಲಹದಿಂದ ಅಲ್ಲಿಯೂ ಕಿರೀಟದ ಗೌರವ ತಗ್ಗಿತು, ಅಧಿಕಾರವೂ ಕ್ಷೀಣಿಸಿತು. ಆದರೆ ಜಾರಿದ ಅಧಿಕಾರವು ದೇಶದ ಪ್ರತಿನಿಧಿಸಭೆಗೆ ಸೇರಿತು. ವಂಶವು ಉಳಿಯಿತು, ರಾಜ್ಯವೂ ಉಳಿಯಿತು. ರಾಜಗೃಹದ ಕಲಹವನ್ನು ತೀರಿಸುವ ಸಂಸ್ಥೆ ಯಾವುದೋ ಆ ಗೃಹದ ಅಧಿಕಾರಕ್ಕೆ ಅದೇ ವಾರಸುದಾರ ಎಂಬ ತತ್ತ್ವವು ಈ ಎರಡು ನಿದರ್ಶನಗಳಿಂದಲೂ ಸಿದ್ಧವಾಗುತ್ತದೆ.

8. ಕಾದಿಸ್ ರಾಜ್ಯಾಂಗದ ಉತ್ತರ

ರಾಜಕುಟುಂಬವು ಬಿಟ್ಟುಕೊಟ್ಟುದನ್ನು ಪ್ರಜೆಗಳು ಬಿಟ್ಟುಕೊಡಲಿಲ್ಲ. 1808ರ ಮೇ ತಿಂಗಳ ಕೊನೆಯಿಂದ ಪ್ರಾಂತ ಪ್ರಾಂತಗಳಲ್ಲಿ 'ಹುಂತಾ' ಎಂಬ ಆಡಳಿತಮಂಡಲಿಗಳು ತಲೆಯೆತ್ತಿ ಫ್ರಾನ್ಸಿನ ಮೇಲೆ ಯುದ್ಧ ಸಾರಿದುವು. ಜುಲೈ ತಿಂಗಳಲ್ಲಿ ಬೈಲೆನ್ ಎಂಬಲ್ಲಿ ಫ್ರೆಂಚ್ ಸೈನ್ಯವೊಂದು ಶರಣಾಗತವಾಯಿತು. ಸೆಪ್ಟೆಂಬರಿನಲ್ಲಿ ಅರಾನ್ಹ್ವೇಸಿನಲ್ಲಿಯೇ ಕೇಂದ್ರಮಂಡಲಿಯು ಕೂಡಿತು. 1810ರ ಸೆಪ್ಟೆಂಬರ್ 24ರಂದು ಕಾದಿಸ್ ನಗರದ ಸಮೀಪದಲ್ಲಿ ಕೋರ್ತೆಸ್ ಸಭೆಯು ಸೇರಿ ತನ್ನ ಮೊದಲನೆಯ ಶಾಸನವನ್ನು ಹೊರಡಿಸಿತು. ಬೇಯೋನ್ ನಗರದ ತ್ಯಾಗಗಳು ಬಲಾತ್ಕಾರದ ಕಾರಣದಿಂದ ಮಾತ್ರವಲ್ಲದೆ, ಮುಖ್ಯವಾಗಿ ರಾಷ್ಟ್ರದ ಸಮ್ಮತಿಯಿಲ್ಲದ ಕಾರಣದಿಂದ ಅಸಿಂಧುವೆಂದು ಅದು ಸಾರಿತು. ಬಲಾತ್ಕಾರದ ವಾದವೊಂದನ್ನೇ ಹೂಡಿದ್ದರೆ ಕಿರೀಟವು ಆ ಮನೆಯವರ ಸೊತ್ತೆಂದೇ ಆಗುತ್ತಿತ್ತು. ಸಮ್ಮತಿಯ ವಾದವು ಅದನ್ನು ರಾಷ್ಟ್ರದ ಸೊತ್ತನ್ನಾಗಿ ಮಾಡಿತು.

1812ರ ಮಾರ್ಚ್ 19ರಂದು, ಅರಾನ್ಹ್ವೇಸಿನ ರಾಜ್ಯತ್ಯಾಗವಾಗಿ ಸರಿಯಾಗಿ ನಾಲ್ಕು ವರ್ಷಗಳು ತುಂಬಿದ ದಿನ, 384 ವಿಧಿಗಳ ರಾಜ್ಯಾಂಗವು ಘೋಷಿತವಾಯಿತು. ಸ್ಪೇನ್ ರಾಷ್ಟ್ರವು ಯಾವ ವಂಶದ, ಯಾವ ವ್ಯಕ್ತಿಯ ಪಿತ್ರಾರ್ಜಿತವೂ ಅಲ್ಲವೆಂದು ಅದರ ಎರಡನೆಯ ವಿಧಿಯು ಸಾರುತ್ತದೆ. ದೊರೆಯ ಅಧಿಕಾರಗಳಿಗೆ ಮಿತಿಗಳನ್ನು ಹಾಕುವ 172ನೆಯ ವಿಧಿಯನ್ನು ಓದಿದರೆ ಅದು ಅಮೂರ್ತವಾದ ತತ್ತ್ವಜಿಜ್ಞಾಸೆಯ ಫಲವಲ್ಲವೆಂದು ಗೊತ್ತಾಗುತ್ತದೆ. ಕೋರ್ತೆಸ್ ಸಭೆಯ ಸಮ್ಮತಿಯಿಲ್ಲದೆ ದೊರೆಯು ದೇಶವನ್ನು ಬಿಟ್ಟು ಹೋಗತಕ್ಕದ್ದಲ್ಲ: ಇದು 1808ರ ಏಪ್ರಿಲ್ 20ರ ಗಡಿದಾಟುವಿಕೆಗೆ ಉತ್ತರ. ಸಮ್ಮತಿಯಿಲ್ಲದೆ ರಾಜ್ಯತ್ಯಾಗ ಮಾಡತಕ್ಕದ್ದಲ್ಲ, ರಾಜಾಧಿಕಾರವನ್ನು ಪರರಿಗೆ ವಹಿಸತಕ್ಕದ್ದಲ್ಲ: ಇದು ಮಾರ್ಚ್ 19ಕ್ಕೂ ಮೇ 5ಕ್ಕೂ ಉತ್ತರ. ಸಮ್ಮತಿಯಿಲ್ಲದೆ ವಿವಾಹವಾಗತಕ್ಕದ್ದಲ್ಲ: ಇದು 1807ರ ಅಕ್ಟೋಬರ್ 11ರ ಗುಪ್ತಪತ್ರಕ್ಕೆ ಉತ್ತರ. ರಾಜಗೃಹದ ವೆಚ್ಚವನ್ನು ಸಭೆಯೇ ಗೊತ್ತುಮಾಡತಕ್ಕದ್ದೆಂಬ ವಿಧಿಯೂ ಬೇರೆಡೆಯಲ್ಲಿದೆ. ಒಂದು ಮನೆಯ ಜಗಳವು ಒಂದು ದೇಶದ ಮೂಲಶಾಸನದ ವಾಕ್ಯಗಳಾಗಿ ರೂಪಾಂತರ ಹೊಂದಿದ್ದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ದಾಖಲೆಗಳು ಬಹಳವಿಲ್ಲ.

ಸಮುದ್ರದಾಚೆಯಲ್ಲಿ ಇದೇ ತರ್ಕವು ಇನ್ನೂ ದೂರ ಸಾಗಿತು. ದೊರೆಯಿಲ್ಲದಿದ್ದಲ್ಲಿ ಅಧಿಕಾರವು ಪ್ರಜೆಗಳಿಗೆ ಮರಳುತ್ತದೆಂಬ ವಾದದ ಮೇಲೆ 1810ರ ಏಪ್ರಿಲಿನಲ್ಲಿ ಕರಾಕಸ್ಸಿನಲ್ಲಿಯೂ ಮೇ ತಿಂಗಳಲ್ಲಿ ಬ್ಯೂನೋಸ್ ಐರಿಸ್ಸಿನಲ್ಲಿಯೂ ಸ್ಥಳೀಯ ಮಂಡಲಿಗಳು ಏರ್ಪಟ್ಟುವು. ಮೊದಲು ಫರ್ಡಿನೆಂಡನ ಹೆಸರಿನಲ್ಲಿ ಆಳಿದ ಆ ಮಂಡಲಿಗಳು ಕ್ರಮೇಣ ಆ ಹೆಸರನ್ನೂ ಕೈಬಿಟ್ಟುವು. 1824ರ ಡಿಸೆಂಬರ್ 9ರ ಅಯಾಕುಚೊ ಯುದ್ಧದ ತರುವಾಯ ಅಮೆರಿಕದಲ್ಲಿ ಸ್ಪೇನಿಗೆ ಕ್ಯೂಬಾ ಮತ್ತು ಪೋರ್ಟೊ ರಿಕೊ ದ್ವೀಪಗಳಷ್ಟೇ ಉಳಿದುವೆನ್ನಬಹುದು.

9. ಉಪಸಂಹಾರ

1814ರಲ್ಲಿ ಬಿಡುಗಡೆ ಹೊಂದಿ ಬಂದ ಫರ್ಡಿನೆಂಡನು, ತನ್ನ ಹೆಸರಿನಲ್ಲಿ ಪ್ರಾಣ ತೆತ್ತವರು ರಚಿಸಿದ ರಾಜ್ಯಾಂಗವನ್ನು ಮೇ 4ರಂದು ರದ್ದುಗೊಳಿಸಿದನು. ಮನೆಯ ವ್ಯಾಜ್ಯಗಳಿಗೆ ದೇಶದಲ್ಲಿ ದೊರೆತಿದ್ದ ನ್ಯಾಯಸ್ಥಾನವನ್ನು ಮುಚ್ಚಿದುದರ ಫಲವನ್ನು ಆತನ ಮಕ್ಕಳೇ ಉಣ್ಣಬೇಕಾಯಿತು. 1830ರಲ್ಲಿ ಹೆಣ್ಣುಮಕ್ಕಳಿಗೂ ಪಟ್ಟದ ಹಕ್ಕನ್ನು ಕೊಡುವ ಶಾಸನವನ್ನು ಆತನು ಪ್ರಕಟಿಸಿದನು. ಅದೇ ವರ್ಷ ಮಗಳು ಇಸಬೆಲ್ಲಾ ಹುಟ್ಟಿದಳು. ಆತನ ತಮ್ಮ ಕಾರ್ಲೋಸನು ಆ ಶಾಸನವನ್ನು ಒಪ್ಪಲಿಲ್ಲ. 1833ರ ಸೆಪ್ಟೆಂಬರ್ 29ರಂದು ಫರ್ಡಿನೆಂಡನು ತೀರಿಕೊಂಡೊಡನೆ ಚಿಕ್ಕಪ್ಪನ ಪಕ್ಷಕ್ಕೂ ಮಗಳ ಪಕ್ಷಕ್ಕೂ ಆರಂಭವಾದ ಯುದ್ಧವು 1840ರವರೆಗೆ ದೇಶವನ್ನು ಸುಟ್ಟಿತು. 1807ರಲ್ಲಿ ಪತ್ರಗಳಿಂದ ಆರಂಭವಾದ ಕುಟುಂಬಕಲಹವು ಇಪ್ಪತ್ತಾರು ವರ್ಷಗಳ ತರುವಾಯ ರಣರಂಗಕ್ಕೆ ಇಳಿಯಿತು.

ಕಾದಿಸ್ ಸಭೆಯ ವಿವೇಕವು ಆದಾಗ್ಯೂ ವ್ಯರ್ಥವಾಗಲಿಲ್ಲ. 1978ರ ಸ್ಪೇನ್ ರಾಜ್ಯಾಂಗದ 57ನೆಯ ವಿಧಿಯು ರಾಜ್ಯತ್ಯಾಗ, ಹಕ್ಕುತ್ಯಾಗ ಮತ್ತು ಉತ್ತರಾಧಿಕಾರದ ಸಂದೇಹಗಳನ್ನು ಶಾಸನದ ಮೂಲಕವೇ ಇತ್ಯರ್ಥಪಡಿಸತಕ್ಕದ್ದೆಂದು ವಿಧಿಸಿದೆ. 2014ರ ಜೂನ್ ತಿಂಗಳಲ್ಲಿ ಹ್ವಾನ್ ಕಾರ್ಲೋಸ್ ದೊರೆಯು ತಮ್ಮ ಮಗ ಆರನೆಯ ಫೆಲಿಪೆಯ ಪರವಾಗಿ ಪಟ್ಟವನ್ನು ಬಿಟ್ಟಾಗ ಕೋರ್ತೆಸ್ ಸಭೆಯು ಅದಕ್ಕಾಗಿ ಪ್ರತ್ಯೇಕವಾದ ಶಾಸನವನ್ನು ಅಂಗೀಕರಿಸಿತು. ಕಿರೀಟವು ಅದೇ ಬೂರ್ಬನ್ ವಂಶದ ತಂದೆಯಿಂದ ಮಗನಿಗೆ ದೇಶದ ಒಪ್ಪಿಗೆಯೊಡನೆ ಸಂದಿತು.

ಮೇಲ್ಕಂಡ ವಿವೇಚನೆಯಿಂದ ಹೊರಡುವ ನಿರ್ಣಯವನ್ನು ಸಂಗ್ರಹವಾಗಿ ಹೀಗೆ ಹೇಳಬಹುದು. ರಾಜಗೃಹದಲ್ಲಿ ಕಲಹ ಹುಟ್ಟುವುದು ಮನುಷ್ಯಸಹಜವಾದುದು. ಅದನ್ನು ತಡೆಯುವ ಶಕ್ತಿ ಯಾವ ರಾಜ್ಯಾಂಗಕ್ಕೂ ಇಲ್ಲ. ಚಾರ್ಲ್ಸನ ದೌರ್ಬಲ್ಯ, ಗೊದೊಯ್‌ನ ಮಹತ್ವಾಕಾಂಕ್ಷೆ, ಫರ್ಡಿನೆಂಡನ ಕಪಟ ಇವು ಪ್ರತಿಯೊಂದು ಯುಗದಲ್ಲಿಯೂ ಪ್ರತಿಯೊಂದು ದೇಶದಲ್ಲಿಯೂ ಕಾಣಸಿಗುವಂಥವು. ಮನೆಯ ಲೆಕ್ಕವೂ ರಾಜ್ಯದ ಲೆಕ್ಕವೂ ಒಂದಾಗಿರುವಲ್ಲಿ, ಮನೆಯವರ ಮಾತನ್ನು ಕೇಳಿ ತೀರ್ಮಾನಿಸತಕ್ಕ ಸಭೆಯು ನಾಡಿನೊಳಗೆ ಇಲ್ಲದಿರುವಲ್ಲಿ, ಅವೇ ದೋಷಗಳು ರಾಜ್ಯನಾಶಕ್ಕೆ ಕಾರಣವಾಗುತ್ತವೆ. ಬೇಯೋನ್ ನಗರದಲ್ಲಿ ನೆಪೋಲಿಯನ್ನನು ಒಂದು ಕಿರೀಟವನ್ನು ಕಸಿದುಕೊಂಡನೆಂದು ಸಾಮಾನ್ಯವಾಗಿ ಹೇಳುತ್ತೇವೆ. ಪತ್ರಗಳ ತಾರೀಖುಗಳನ್ನು ನೋಡಿದರೆ, ಅದಕ್ಕೆ ಆರು ತಿಂಗಳು ಮುಂಚೆಯೇ ತಂದೆಯೂ ಮಗನೂ ಅದನ್ನು ಆತನ ಬಾಗಿಲಿನಲ್ಲಿ ತಂದಿರಿಸಿದ್ದರೆಂಬುದು ಸ್ಪಷ್ಟವಾಗುತ್ತದೆ.